ಮಾವಶಿಯ ಟ್ರಂಕಿನಲ್ಲಿದ್ದ ಭಾಷೆ

ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟು ಬಿಣಗಾ ದಾಟಿದರೆ ಬಲಗಡೆ ಸಮುದ್ರದಲ್ಲಿ ಒಂದು ಉದ್ದನೆಯ ಹಸಿರು ಗುಡ್ಡ ಮಲಗಿಕೊಂಡಂತೆ ಕಾಣುತ್ತದೆ. ಅದು ಅಂಜುದೀವ. ಈಗದು ನೌಕಾನೆಲೆಯ ಒಳಗೆ ಸೇರಿಹೋಗಿದೆ, ನಮ್ಮಂಥವರು ಅಲ್ಲಿಗೆ ಕಾಲಿಡುವಂತಿಲ್ಲ. ನಮ್ಮ ದಂಡೆಗೆ ಅಷ್ಟು ಹತ್ತಿರವಿದ್ದರೂ ದಾಖಲೆಯಲ್ಲಿ ಆ ನಡುಗಡ್ಡೆ ಗೋವಾದ್ದು. 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಯವರು ಅಲ್ಲಿ ಇಳಿದರು, ಏಳು ಜನ ಪ್ರಾಣ ಕೊಟ್ಟರು. ಆ ದಿನ ಗುಂಡಿನ ಸದ್ದು ನಮ್ಮ ಊರಿಗೂ ಕೇಳಿಸಿತ್ತಂತೆ, ಅಜ್ಜ ಹೇಳುತ್ತಿದ್ದರು. ಆ ದಿನದವರೆಗೂ ಆ ಗುಡ್ಡದ ಮೇಲಿನ ಸರಕಾರಿ ಭಾಷೆ ಪೋರ್ಚುಗೀಸು. ಇತ್ತ ದಂಡೆಯಲ್ಲಿ ಮೈಸೂರು ರಾಜ್ಯ, ಕನ್ನಡ ಶಾಲೆ, ತಾಲೂಕು ಕಚೇರಿ. ಅತ್ತ ಲಿಸ್ಬನ್ನಿನ ಕಾಗದಪತ್ರ. ನಡುವೆ ಇದ್ದದ್ದು ಮೀನುಗಾರರು ಬಲೆ ಬೀಸುವಷ್ಟು ನೀರು.

ಆ ಭಾಷೆಯನ್ನು ನಾವು ಕಲಿಯಲಿಲ್ಲ, ಆದರೂ ಅದರ ಕಾಳುಗಳು ಗಡಿ ದಾಟಿ ನಮ್ಮ ಅಂಗಳದಲ್ಲಿ ಬಿದ್ದು ಮೊಳೆತಿವೆ. ಮೇಜು, ಪಾದ್ರಿ, ಇಗರ್ಜಿ, ಮೇಸ್ತ್ರಿ, ಬಟಾಟೆ, ಅನಾನಸು, ಚಾವಿ, ಪಗಾರ. ನಮ್ಮ ಮನೆಯ ಮಾತು ಕೊಂಕಣಿಯಲ್ಲಿ ಕಿಟಕಿಗೂ ಅವರದೇ ಹೆಸರು, ಜನೇಲ್. ಚಿಕ್ಕಂದಿನಲ್ಲಿ ಇವೆಲ್ಲ ನಮ್ಮವೇ ಎಂದುಕೊಂಡಿದ್ದೆ. ಈಗಲೂ ನಮ್ಮವೇ ಅನ್ನಿ.

ಪೋರ್ಚುಗೀಸಿನ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲು ಕಾರಣ ಮಾವಶಿಯ, ಅಂದರೆ ಅಮ್ಮನ ಸೋದರಿಯ, ಒಂದು ಟ್ರಂಕು. ಮಾವಶಿಯನ್ನು ಗಡಿಯಾಚೆ ಗೋವಾದ ಕಾಣಕೋಣಕ್ಕೆ ಕೊಟ್ಟಿದ್ದರು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಕುಳಾಗರದ ಪಾಲಿನ ಮಾತು ಎತ್ತಿದರು. ಅಡಿಕೆ, ತೆಂಗು, ಮೆಣಸಿನ ಬಳ್ಳಿ ಇರುವ ತಂಪಾದ ತೋಟ ಅದು. ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ, ಹಳದಿಯಾದ ಒಂದು ಕಾಗದದ ಕಟ್ಟು ಸಿಕ್ಕಿತು. ಉದ್ದುದ್ದ ಬಾಲದ ಕೈಬರಹ, ಮುದ್ರೆ, ಸ್ಟಾಂಪು. ಮನೆಯಲ್ಲಿ ಎಂಟು ಜನ ಓದು ಬಲ್ಲವರಿದ್ದೆವು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು ಎಲ್ಲ ಬರುತ್ತಿತ್ತು. ತಮ್ಮದೇ ತೋಟದ ಕಾಗದವನ್ನು ಓದುವುದು ಮಾತ್ರ ಒಬ್ಬರಿಗೂ ಬರಲಿಲ್ಲ.

ಗೋವಾದಲ್ಲಿ ಇದು ಹೊಸ ಕತೆಯಲ್ಲ. ಪೋರ್ಚುಗೀಸರು ಹೋದರೂ ಅವರ 1867ರ ಸಿವಿಲ್ ಸಂಹಿತೆ ಮದುವೆ, ಪಾಲು, ಉತ್ತರಾಧಿಕಾರದ ವಿಷಯದಲ್ಲಿ ಉಳಿದುಕೊಂಡಿತು. ಹಳೆಯ ಜಮೀನಿನ ಪತ್ರಗಳೆಲ್ಲ ಆ ಭಾಷೆಯಲ್ಲೇ ಇವೆ. ಹಾಗಾಗಿ ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕು. ನಾವು ಹೋದದ್ದು ಮಡಗಾಂವಿನ ಹತ್ತಿರದ ಒಬ್ಬ ಹಿರಿಯರ ಮನೆಗೆ. ಅವರು ಪೋರ್ಚುಗೀಸರ ಕಾಲದಲ್ಲಿ ಪ್ರಿಮೈರೊ ಗ್ರಾವ್, ಸೆಗುಂದೊ ಗ್ರಾವ್ ಎಂಬ ಶಾಲೆಯ ಹಂತಗಳನ್ನು ಮುಗಿಸಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು. ಒಂದು ಕಡೆ ನಿಂತರು.

"ಇಲ್ಲಿ ನೋಡು ಬಾಯ್, 'ಇ ಸುವಾ ಮುಲ್ಯೆರ್' ಅಂತಿದೆ. ಹಾಗೆಂದರೆ 'ಮತ್ತು ಅವನ ಹೆಂಡತಿ'. ತೋಟ ಮಾರಿದವನ ಹೆಸರೊಂದೇ ಸಾಲದು, ಅವನ ಹೆಂಡತಿಯೂ ಒಪ್ಪಬೇಕು. ಈ ಕಾನೂನಿನಲ್ಲಿ ಅರ್ಧ ಅವಳದು."

"ಹಾಗಾದರೆ ನನ್ನದು?" ಮಾವಶಿ ಕೇಳಿದಳು.

"ನಿನ್ನ ಅರ್ಧ ನಿನ್ನದೇ. ಮಕ್ಕಳ ಪಾಲು ಉಳಿದರ್ಧದಲ್ಲಿ."

ಮಾವಶಿ ಮಾತಾಡಲಿಲ್ಲ. ತನಗೆ ಓದಲು ಬಾರದ ಭಾಷೆಯೊಂದು ಇಷ್ಟು ವರ್ಷ ತನ್ನ ಹಾಸಿಗೆಯ ಪಕ್ಕದ ಟ್ರಂಕಿನಲ್ಲಿ ತನ್ನ ಪರವಾಗಿ ಕೂತಿತ್ತು ಎನ್ನುವುದು ಅವಳಿಗೆ ಅರಗಿಸಿಕೊಳ್ಳಲು ಹೊತ್ತು ಬೇಕಾಯಿತು. ನನಗೂ.

ಚಹಾ ಬಂತು. ಆ ಹಿರಿಯರು ಇನ್ನೊಂದು ಮಾತು ಹೇಳಿದರು. ಅವರ ಅಣ್ಣ ಮೊಜಾಂಬಿಕ್‌ನಲ್ಲಿ, ಆಗ ಲೊರೆನ್ಸೊ ಮಾರ್ಕೆಸ್ ಎಂದು ಕರೆಯುತ್ತಿದ್ದ ಇಂದಿನ ಮಾಪುಟೊದಲ್ಲಿ, ಕೆಲಸಕ್ಕಿದ್ದರಂತೆ. ಅಣ್ಣ ತಮ್ಮ ಎದುರಾದರೆ ಕೊಂಕಣಿ. ಕಾಗದ ಬರೆದರೆ ಪೋರ್ಚುಗೀಸು. ಇಬ್ಬರಿಗೂ ಬರೆಯಲು ಕಲಿಸಿದ ಭಾಷೆ ಅದೊಂದೇ. ಅಪ್ಪ ತೀರಿಕೊಂಡ ಸುದ್ದಿಯನ್ನೂ ಅದರಲ್ಲೇ ಬರೆದರು. "ಅಪ್ಪನ ಜೊತೆ ಒಂದು ದಿನವೂ ಆ ಭಾಷೆ ಆಡಿರಲಿಲ್ಲ" ಎಂದರು.

ಊರಿಗೆ ಬಂದ ಮೇಲೆ ನನಗೆ ಆ ಮಾತು ಬಿಡಲಿಲ್ಲ. ಗೋವಾದಲ್ಲಿ ಒಂದೇ ತಲೆಮಾರಿನಲ್ಲಿ ಟ್ರಂಕಿನ ತಳ ಸೇರಿದ ಈ ಭಾಷೆ ಬೇರೆಲ್ಲೆಲ್ಲಿ ಇನ್ನೂ ಕಚೇರಿಯ ಮೇಜಿನ ಮೇಲಿದೆ ಎಂದು ಹುಡುಕತೊಡಗಿದೆ. ಒಂಬತ್ತು ದೇಶ ಸಿಕ್ಕವು: ಪೋರ್ಚುಗಲ್, ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್, ಗಿನಿ-ಬಿಸಾವು, ಕೇಪ್ ವರ್ಡೆ, ಸಾವೊ ತೋಮೆ ಮತ್ತು ಪ್ರಿನ್ಸಿಪೆ, ಈಕ್ವಟೋರಿಯಲ್ ಗಿನಿ, ಪೂರ್ವ ತಿಮೋರ್. ಜೊತೆಗೆ ಚೀನಾಕ್ಕೆ ಸೇರಿದ ಮಕಾವ್. ಈ ಪಟ್ಟಿ ಪರೀಕ್ಷೆಗೆ ಬಾಯಿಪಾಠ ಮಾಡುವವರಿಗೆ ಸಾಕು. ನನಗೆ ಬೇಕಿದ್ದದ್ದು ಬೇರೆ. ಈ ಊರುಗಳಲ್ಲಿ ಮಗು ಅತ್ತರೆ ತಾಯಿ ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತಾಳೆ? ಅದೇ ಮಗು ಶಾಲೆಗೆ ಹೋದರೆ ಮಾಸ್ತರರು ಯಾವುದರಲ್ಲಿ ಬೈಯುತ್ತಾರೆ?

ಪೋರ್ಚುಗಲ್ಲಿನಲ್ಲಿ ಎರಡೂ ಒಂದೇ. ಅಲ್ಲಿರುವುದು ಒಂದು ಕೋಟಿಯಷ್ಟು ಜನ. ಬ್ರೆಜಿಲ್‌ನಲ್ಲಿ 2022ರ ಜನಗಣತಿಯಂತೆ ಇಪ್ಪತ್ತು ಕೋಟಿಗೂ ಹೆಚ್ಚು. ಅಲ್ಲೂ ಬಹುಪಾಲು ಮನೆ, ಶಾಲೆ ಎರಡೂ ಒಂದೇ. ಆದರೆ ಅಲ್ಲಿ ಅದು ಹಾಗಾದ ಬಗೆ ಮನಸ್ಸಿಗೆ ನೋವು ಕೊಡುತ್ತದೆ. ಅಲ್ಲಿನ ಮೂಲನಿವಾಸಿ ತುಪಿ ಜನರ ಮಾತಿನಿಂದ ಬೆಳೆದ ನ್ಯೆಂಗಾತು ಎಂಬ ಭಾಷೆ ಅಮೆಜಾನ್ ಕಡೆ ಒಂದು ಕಾಲಕ್ಕೆ ಎಲ್ಲರ ನಡುವಿನ ಆಡುಮಾತಾಗಿತ್ತು. ಬಿಳಿಯರ ಮನೆಗಳಲ್ಲೂ ಅದನ್ನೇ ಆಡುತ್ತಿದ್ದರು. ಲಿಸ್ಬನ್ನಿನ ಮಂತ್ರಿ ಪೊಂಬಾಲನ ಆಡಳಿತ 1757ರಲ್ಲಿ ತಂದ ನಿಯಮಾವಳಿ, ಮೂಲನಿವಾಸಿಗಳ ಹಳ್ಳಿಗಳ ಶಾಲೆಗಳಲ್ಲಿ ಪೋರ್ಚುಗೀಸು ಬಿಟ್ಟು ಬೇರೆ ಮಾತು ಕೂಡದೆಂದಿತು. ಎರಡೂವರೆ ಶತಮಾನ ಬೇಕಾಯಿತು, ಅಮೆಜಾನಿನ ಸಾವೊ ಗಾಬ್ರಿಯೆಲ್ ದ ಕಾಶೊಯೆರಾ ಎಂಬ ಪುರಸಭೆ 2002ರಲ್ಲಿ ನ್ಯೆಂಗಾತು, ತುಕಾನೊ, ಬನೀವಾ ಮೂರನ್ನೂ ಪೋರ್ಚುಗೀಸಿನ ಜೊತೆ ತನ್ನ ಆಡಳಿತ ಭಾಷೆಗಳೆಂದು ಒಪ್ಪಿಕೊಳ್ಳಲು. ದೊಡ್ಡ ದೇಶದ ಮೂಲೆಯಲ್ಲಿರುವ ಸಣ್ಣ ಊರು ಅದು. ಆ ಸುದ್ದಿ ಓದಿದ ದಿನ ನನಗೆ ನಮ್ಮೂರಲ್ಲೇ ಏನೋ ಒಳ್ಳೆಯದಾದಷ್ಟು ಸಂತೋಷವಾಗಿತ್ತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಪೂರ್ವ ತಿಮೋರ್. ಗೋವಾದ ಕತೆಯನ್ನು ಮಗುಚಿ ಹಾಕಿದ ಹಾಗಿದೆ ಅದರ ಕತೆ. ಎರಡೂ ಕಡೆ ಪೋರ್ಚುಗೀಸರು ಶತಮಾನಗಳ ಕಾಲ ಇದ್ದರು. ಎರಡೂ ಕಡೆ ಪಕ್ಕದ ದೊಡ್ಡ ದೇಶದ ಸೈನ್ಯ ಬಂತು. ಗೋವಾಕ್ಕೆ ಬಂದದ್ದು ಬಿಡುಗಡೆ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಲೋಹಿಯಾ ಹಚ್ಚಿದ ಕಿಡಿಯ ಹಿಂದೆ ಗೋವಾದವರದೇ ಆಸೆ ಇತ್ತು. ತಿಮೋರಿಗೆ ಬಂದದ್ದು ಆಕ್ರಮಣ. 1974ರ ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಸೈನಿಕರೇ ಸರ್ವಾಧಿಕಾರವನ್ನು ಕಿತ್ತೆಸೆದ ಮೇಲೆ ವಸಾಹತುಗಳು ಒಂದೊಂದಾಗಿ ಕಳಚಿಕೊಂಡವು. 1975ರ ನವೆಂಬರ್ 28ರಂದು ತಿಮೋರಿನವರು ಸ್ವಾತಂತ್ರ್ಯ ಸಾರಿಕೊಂಡರು. ಒಂಬತ್ತೇ ದಿನಕ್ಕೆ, ಡಿಸೆಂಬರ್ 7ರಂದು, ಇಂಡೋನೇಷ್ಯಾದ ಸೈನ್ಯ ತಿಮೋರಿನ ರಾಜಧಾನಿ ದಿಲಿಯಲ್ಲಿ ಇಳಿಯಿತು.

ಮುಂದಿನ ಇಪ್ಪತ್ತನಾಲ್ಕು ವರ್ಷ ಶಾಲೆಗಳಲ್ಲಿ ಇಂಡೋನೇಷ್ಯಾದ ಭಾಷೆ. ಪೋರ್ಚುಗೀಸು ನಿಷಿದ್ಧ. ಆಗ ಒಂದು ವಿಚಿತ್ರ ನಡೆಯಿತು. ಆಳಿದವರ ಭಾಷೆ ಹೋರಾಟಗಾರರ ಭಾಷೆಯಾಯಿತು. ಕಾಡಿನಲ್ಲಿದ್ದ ಗೆರಿಲ್ಲಾಗಳ ಮುಂದಾಳುಗಳು ಪೋರ್ಚುಗೀಸಿನಲ್ಲಿ ಚೀಟಿ ಬರೆದರು, ಹೊರಜಗತ್ತಿಗೆ ಮನವಿ ಕಳಿಸಿದರು. ಶತ್ರು ಯಾವುದನ್ನು ಅಳಿಸಲು ನೋಡುತ್ತಾನೋ ಅದರ ಮೇಲೆ ಜನಕ್ಕೆ ಮಮತೆ ಹುಟ್ಟುತ್ತದೆ. ಇಗರ್ಜಿಯಲ್ಲೂ ಹೀಗೇ ಆಯಿತು. ಪೋರ್ಚುಗೀಸಿನಲ್ಲಿ ಪೂಜೆ ಸಾಧ್ಯವಿಲ್ಲದಾಗ ಪಾದ್ರಿಗಳು ಇಂಡೋನೇಷ್ಯಾದ ಭಾಷೆಗೆ ಹೊರಳಲಿಲ್ಲ, ಊರಿನ ಆಡುಮಾತು ತೆತುಂ ಕೈಗೆತ್ತಿಕೊಂಡರು. ಅಲ್ಲಿಯವರೆಗೆ ಸಂತೆಯ ಮಾತಾಗಿದ್ದ ತೆತುಂ ದೇವರ ಮುಂದೆ ನಿಂತದ್ದು ಹಾಗೆ. 1991ರ ನವೆಂಬರ್ 12ರಂದು ದಿಲಿಯ ಸಾಂತಾ ಕ್ರೂಸ್ ಸ್ಮಶಾನದಲ್ಲಿ ಮೆರವಣಿಗೆಯ ಹುಡುಗರ ಮೇಲೆ ಗುಂಡು ಹಾರಿದವು. 1996ರಲ್ಲಿ ತಿಮೋರಿನ ಬಿಷಪ್ ಬೆಲೊ ಮತ್ತು ಹೋರಾಟಗಾರ ರಾಮೊಸ್ ಹೊರ್ತಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1999ರ ಆಗಸ್ಟ್ 30ರ ಜನಮತದಲ್ಲಿ ನೂರಕ್ಕೆ 78ಕ್ಕಿಂತ ಹೆಚ್ಚು ಜನ ಸ್ವಾತಂತ್ರ್ಯ ಬೇಕೆಂದರು.

2002ರ ಮೇ 20ರಂದು ಹೊಸ ದೇಶ ಕಣ್ಣು ಬಿಟ್ಟಾಗ ಅದರ ಸಂವಿಧಾನ ಎರಡು ಅಧಿಕೃತ ಭಾಷೆಗಳನ್ನು ಹೆಸರಿಸಿತು: ತೆತುಂ, ಪೋರ್ಚುಗೀಸು. ಇಂಡೋನೇಷ್ಯಾದ ಭಾಷೆಯನ್ನೂ ಇಂಗ್ಲಿಷನ್ನೂ ಅಗತ್ಯವಿರುವವರೆಗೆ ಕೆಲಸದ ಭಾಷೆಗಳೆಂದು ಇಟ್ಟುಕೊಂಡರು. ಆಗ ಪೋರ್ಚುಗೀಸು ಬಲ್ಲವರು ಹೆಚ್ಚಾಗಿ ತಲೆ ನರೆತವರು. ಇಂಡೋನೇಷ್ಯಾದ ಶಾಲೆಯಲ್ಲಿ ಓದಿ, ಬೀದಿಯಲ್ಲಿ ನಿಂತು ಘೋಷಣೆ ಕೂಗಿ, ಏಟು ತಿಂದ ಯುವಕರಿಗೆ ತಮ್ಮದೇ ದೇಶದ ಕಾನೂನು ಓದಲು ಬರಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಎಂಟು ಜನ ಟ್ರಂಕಿನ ಸುತ್ತ ಕೂತಿದ್ದೆವಲ್ಲ, ಅಲ್ಲೊಂದು ಇಡೀ ತಲೆಮಾರೇ ಹಾಗೆ ಕೂತಿತ್ತು. ಮುದುಕರ ನ್ಯಾಯವೂ ನನಗೆ ಅರ್ಥವಾಗುತ್ತದೆ. ಹದಿಮೂರು ಲಕ್ಷದಷ್ಟು ಜನರ ಪುಟ್ಟ ದೇಶ. ಒಂದು ಬದಿಗೆ ಇಂಡೋನೇಷ್ಯಾ, ಇನ್ನೊಂದು ಬದಿಗೆ ಆಸ್ಟ್ರೇಲಿಯಾ. ಈ ಇಬ್ಬರ ಭಾಷೆಯೂ ಅಲ್ಲದ ಒಂದು ಭಾಷೆ ಅವರಿಗೆ ತಾವು ಬೇರೆ ಎಂದು ಹೇಳಿಕೊಳ್ಳುವ ಗುರುತಾಗಿತ್ತು.

ತೆತುಂ ಒಳಗೇ ಪೋರ್ಚುಗೀಸು ಬೇಕಾದಷ್ಟಿದೆ. ಅಲ್ಲಿ ಉಪಕಾರ ಸ್ಮರಿಸುವ ಗಂಡಸು ಒಬ್ರಿಗಾದು ಅನ್ನುತ್ತಾನೆ, ಹೆಂಗಸು ಒಬ್ರಿಗಾದಾ. ಶಾಲೆ ಎಸ್ಕೋಲಾ. ಆದರೆ ಬೆಟ್ಟದ ಮಕ್ಕಳ ಮನೆಮಾತು ತೆತುಂ ಕೂಡ ಅಲ್ಲ. ಮಂಬಾಯ್, ಮಕಸಾಯ್, ಬುನಕ್, ಫತಲುಕು. ಕೆಲವು ಶಾಲೆಗಳಲ್ಲಿ ಫತಲುಕು, ಗಲೋಲಿ, ಬೈಕೆನು ಮನೆಮಾತುಗಳಲ್ಲೇ ಮೊದಲ ಪಾಠ ಹೇಳಿಕೊಡುವ ಪ್ರಯೋಗ ನಡೆದಿದೆ. ನನ್ನ ಕೇಳಿದರೆ ಆ ದೇಶ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಆಫ್ರಿಕಾದ ಕಡೆಗೆ ಬಂದರೆ ಮೊದಲು ನೆನಪಾಗುವವನು ಅಮಿಲ್ಕಾರ್ ಕಾಬ್ರಾಲ್. ಓದಿದ್ದು ಕೃಷಿ ವಿಜ್ಞಾನ. ಗಿನಿ-ಬಿಸಾವು ಮತ್ತು ಕೇಪ್ ವರ್ಡೆಯ ಬಿಡುಗಡೆಗೆ ಬಂದೂಕು ಹಿಡಿದವನು, 1973ರ ಜನವರಿಯಲ್ಲಿ ಕೊಲೆಯಾದವನು. ಪೋರ್ಚುಗೀಸರ ವಿರುದ್ಧ ಯುದ್ಧ ಮಾಡುತ್ತಲೇ ಆತ ತನ್ನ ಸಂಗಾತಿಗಳಿಗೆ ಹೇಳಿದ, ಅವರು ನಮಗೆ ಬಿಟ್ಟುಹೋದ ಒಳ್ಳೆಯ ವಸ್ತುಗಳಲ್ಲಿ ಅವರ ಭಾಷೆಯೂ ಒಂದು ಎಂದು. ಭಾಷೆ ಒಂದು ಉಪಕರಣ, ವಿಜ್ಞಾನವನ್ನೂ ಲೋಕವನ್ನೂ ತಲುಪಲು ಅದನ್ನು ಬಳಸಿಕೊಳ್ಳೋಣ ಎಂಬುದು ಅವನ ವಾದ. ನಾನಿದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಉಪಕರಣ ಅನ್ನುವುದು ನಿಜ. ಆದರೆ ಅದು ಕೈಗೆ ಸಿಕ್ಕವರಿಗೆ ಗುದ್ದಲಿ, ಸಿಗದವರಿಗೆ ಗೋಡೆ. ಗಿನಿ-ಬಿಸಾವುವಿನ ಬೀದಿಯಲ್ಲಿ ಇಂದಿಗೂ ಕೇಳುವುದು ಕ್ರಿಯೋಲ್, ಪೋರ್ಚುಗೀಸಿನ ಪದಗಳನ್ನು ಆಫ್ರಿಕಾದ ಬಾಯಿ ತನಗೆ ಬೇಕಾದಂತೆ ಕಟ್ಟಿಕೊಂಡ ಮಾತು. ಕೇಪ್ ವರ್ಡೆಯ ಜನವಸತಿ ಇರುವ ಒಂಬತ್ತು ನಡುಗಡ್ಡೆಗಳಲ್ಲೂ ಮನೆಮಾತು ಅಂಥದೇ ಕ್ರಿಯೋಲು. ಬರಿಗಾಲಲ್ಲಿ ವೇದಿಕೆ ಹತ್ತುತ್ತಿದ್ದ ಸೆಸಾರಿಯಾ ಎವೊರಾ ಲೋಕವನ್ನೆಲ್ಲ ಅಳಿಸಿದ್ದು ಆ ಮಾತಿನಲ್ಲಿ ಹಾಡಿ. ಸರಕಾರದ ಕಾಗದಕ್ಕೆ ಮಾತ್ರ ಅದಿನ್ನೂ ಹತ್ತಿಲ್ಲ. ಅಲ್ಲಿನ ಸಂವಿಧಾನ ಪೋರ್ಚುಗೀಸನ್ನು ಅಧಿಕೃತ ಎಂದು ಹೇಳಿ, ಮಾತೃಭಾಷೆಯನ್ನೂ ಅದರ ಸರಿಸಮಕ್ಕೆ ತರಲು ಬೇಕಾದದ್ದನ್ನು ಸರಕಾರ ಮಾಡಬೇಕು ಎನ್ನುತ್ತದೆ.

ಮೊಜಾಂಬಿಕ್ ನಮಗೆ ಅಂದುಕೊಂಡಷ್ಟು ದೂರದ್ದಲ್ಲ. 1752ರವರೆಗೆ ಆ ನಾಡಿನ ಆಡಳಿತ ನಡೆದದ್ದು ಗೋವಾದಿಂದ. ಮಡಗಾಂವಿನ ಹಿರಿಯರ ಅಣ್ಣನಂಥವರು ಅಲ್ಲಿಗೆ ಗುಮಾಸ್ತರಾಗಿ, ಮಾಸ್ತರರಾಗಿ ಹೋದರು. ಗೋವಾದ ಬಾರ್ದೇಸಿನಲ್ಲಿ ಹುಟ್ಟಿದ ಅಕಿನೊ ದ ಬ್ರಗಾನ್ಸಾ, ಸ್ವತಂತ್ರ ಮೊಜಾಂಬಿಕ್‌ನ ಮೊದಲ ಅಧ್ಯಕ್ಷ ಸಮೋರಾ ಮಶೆಲ್‌ಗೆ ಸಲಹೆಗಾರನಾಗಿದ್ದ. 1986ರ ಅಕ್ಟೋಬರಿನಲ್ಲಿ ಮಶೆಲ್ ಸತ್ತ ವಿಮಾನ ದುರಂತದಲ್ಲೇ ಅವನೂ ಸತ್ತ.

1975ರ ಜೂನ್ 25ರಂದು ಸ್ವಾತಂತ್ರ್ಯ ಬಂದಾಗ ಆ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಉತ್ತರದಲ್ಲಿ ಮಕುವಾ, ದಕ್ಷಿಣದಲ್ಲಿ ಶಂಗಾನಾ, ನಡುವೆ ಸೆನಾ, ನ್ದಾವು, ಇನ್ನೂ ಹತ್ತಾರು. ಯಾವುದನ್ನು ಆರಿಸಿದರೂ ಉಳಿದವರಿಗೆ ಸಿಟ್ಟು. ಹೋರಾಟದ ಶಿಬಿರದಲ್ಲಿ ಬೇರೆ ಬೇರೆ ಭಾಷೆಯ ಹುಡುಗರು ಪರಸ್ಪರ ಮಾತಾಡಿದ್ದು ಪೋರ್ಚುಗೀಸಿನಲ್ಲಿ. ಹಾಗಾಗಿ ಅದೇ ಒಗ್ಗಟ್ಟಿನ ಭಾಷೆ ಎಂದು ಫ್ರೆಲಿಮೊ ಪಕ್ಷ ತೀರ್ಮಾನಿಸಿತು. ಆ ತೀರ್ಮಾನವನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. 2017ರ ಜನಗಣತಿಯಲ್ಲಿ ಪೋರ್ಚುಗೀಸು ತಮ್ಮ ಮಾತೃಭಾಷೆ ಎಂದವರು ಆರರಲ್ಲಿ ಒಬ್ಬರು. ಉಳಿದ ಐವರ ಮಕ್ಕಳು ಒಂದನೇ ತರಗತಿಯ ಬೆಂಚಿನಲ್ಲಿ ಏನೂ ಅರ್ಥವಾಗದೆ ಕೂತ ತಿಂಗಳುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಈಚಿನ ದಶಕಗಳಲ್ಲಿ ಅಲ್ಲೂ ಮೊದಲ ತರಗತಿಗಳನ್ನು ಮನೆಮಾತಿನಲ್ಲಿ ನಡೆಸುವ ದ್ವಿಭಾಷಾ ಶಾಲೆಗಳು ಬಂದಿವೆ.

ಅಂಗೋಲಾದಲ್ಲಿ ಕತೆ ಇನ್ನೊಂದು ತಿರುವು ಪಡೆಯಿತು. 2014ರ ಜನಗಣತಿಯಲ್ಲಿ ನೂರಕ್ಕೆ 71 ಜನ ಮನೆಯಲ್ಲಿ ಪೋರ್ಚುಗೀಸು ಆಡುತ್ತೇವೆಂದರು. ವಸಾಹತು ಕಾಲದಲ್ಲಿ ಈ ಭಾಷೆ ಓದಿ ಬರೆದು ತೋರಿಸಿದ ಬೆರಳೆಣಿಕೆಯ ಆಫ್ರಿಕನ್ನರಿಗಷ್ಟೇ 'ಅಸಿಮಿಲಾದೊ' ಎಂಬ ಹಣೆಪಟ್ಟಿ ಕೊಟ್ಟು ನಾಗರಿಕ ಹಕ್ಕು ಕೊಡುತ್ತಿದ್ದರು. ಅಂಥ ಭಾಷೆಯನ್ನು ಮನೆಮನೆಗೆ ತಲುಪಿಸಿದ್ದು 1975ರಿಂದ 2002ರವರೆಗೆ ಉರಿದ ಒಳಯುದ್ಧ. ಹಳ್ಳಿ ಬಿಟ್ಟು ರಾಜಧಾನಿ ಲುವಾಂಡಾಕ್ಕೆ ಓಡಿಬಂದವರಲ್ಲಿ ಒಬ್ಬನ ಮಾತು ಉಂಬುಂದು, ಒಬ್ಬಳದು ಕಿಂಬುಂದು. ಅವರ ಮಕ್ಕಳಿಗೆ ಪೋರ್ಚುಗೀಸು. ಆ ಮಕ್ಕಳಿಗೆ ಅದು ಪರದೇಶದ ಭಾಷೆ ಎಂದು ಹೇಳುವ ಹಕ್ಕು ನಮಗ್ಯಾರಿಗೂ ಇಲ್ಲ. ಅಜ್ಜಿಯ ಜೊತೆ ಮಾತಾಡಲು ಬಾರದ ಕೊರತೆಯೂ ಅವರದೇ.

ಸಾವೊ ತೋಮೆಯಲ್ಲೂ ಪೋರ್ಚುಗೀಸು ಬಹುತೇಕ ಎಲ್ಲರ ಮಾತೇ ಆಗಿದೆ. ಈಕ್ವಟೋರಿಯಲ್ ಗಿನಿ ಸ್ಪೇನಿನ ವಸಾಹತಾಗಿದ್ದ ನಾಡು. ಅದರ ಅನ್ನೊಬೋನ್ ನಡುಗಡ್ಡೆಯಲ್ಲಿ ಪೋರ್ಚುಗೀಸು ಮೂಲದ ಕ್ರಿಯೋಲು ಇದೆ ಎಂಬುದು ಬಿಟ್ಟರೆ ಅಲ್ಲಿನ ಜನಜೀವನಕ್ಕೂ ಈ ಭಾಷೆಗೂ ಹೆಚ್ಚು ಸಂಬಂಧವಿಲ್ಲ. ಪೋರ್ಚುಗೀಸು ದೇಶಗಳ ಕೂಟಕ್ಕೆ ಅದು 2014ರಲ್ಲಿ ಸೇರಿತು. ಮಕಾವ್ 1999ರ ಡಿಸೆಂಬರ್ 20ರಂದು ಚೀನಾಕ್ಕೆ ಮರಳಿತು. ಬೀದಿಯ ಹೆಸರುಗಳು ನೀಲಿ ಬಿಳಿ ಹಂಚಿನ ಮೇಲೆ ಚೀನಿಯಲ್ಲೂ ಪೋರ್ಚುಗೀಸಿನಲ್ಲೂ ಇವೆ. ಕೆಳಗೆ ನಡೆದಾಡುವವರ ಮಾತು ಕ್ಯಾಂಟನೀಸ್.

ಮತ್ತೆ ಗೋವಾ. 1684ರಲ್ಲಿ ಅಲ್ಲಿನ ವೈಸರಾಯ್ ಒಂದು ಆಜ್ಞೆ ಹೊರಡಿಸಿದ: ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸು ಆಡಬೇಕು. ಕೊಂಕಣಿ ಸಾಯಲಿಲ್ಲ. ಕಾರವಾರ, ಕುಮಟಾ, ಮಂಗಳೂರಿನ ತನಕ ವಲಸೆ ಬಂದವರ ಬಾಯಲ್ಲೂ ಉಳಿಯಿತು, ಅಲ್ಲೇ ಉಳಿದವರ ಅಡುಗೆಮನೆಯಲ್ಲೂ ಉಳಿಯಿತು. ಅದಕ್ಕೂ ಮೊದಲು, 1640ರಲ್ಲಿ, ರಾಯತೂರಿನಲ್ಲಿ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ ಅಚ್ಚಾಗಿತ್ತು. ಅದರಲ್ಲಿ ಕೊಂಕಣಿಗಿರುವ ಹೆಸರು 'ಕನಾರಿಂ', ಅಂದರೆ ನಮ್ಮ ಕನ್ನಡನಾಡಿನ ಹೆಸರೇ. ದಂಡೆಯ ಮೇಲಿನ ಎರಡು ಭಾಷೆಗಳನ್ನು ಹಡಗಿನಿಂದ ಇಳಿದವರು ಒಂದೇ ಹೆಸರಿನಿಂದ ಕರೆದರು. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಆಡಿ ಬೆಳೆದ ನನಗೆ ಈ ತಪ್ಪು ಯಾಕೋ ಪ್ರಿಯವಾಗಿದೆ.

ನಾಲ್ಕೂವರೆ ಶತಮಾನ ಆಳಿದ ಭಾಷೆ ಗೋವಾದಲ್ಲಿ ಅಷ್ಟು ಬೇಗ ಕಚೇರಿ ಬಿಟ್ಟದ್ದು ಯಾಕೆ? ಓದಿದ ಕೆಲವೇ ಮನೆಗಳ ಆಚೆ ಅದು ಹೋಗಿರಲೇ ಇಲ್ಲ. ಕೆಲಸಕ್ಕಾಗಿ ಮುಂಬೈಗೆ ಹೋಗುತ್ತಿದ್ದವರಿಗೆ ಇಂಗ್ಲಿಷು ಆಗಲೇ ಬೇಕಾಗಿತ್ತು. ಮರಾಠಿಯಲ್ಲಿ ಓದು ಬರಹ ಮೊದಲಿಂದ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೊಜಾಂಬಿಕ್‌ನಲ್ಲಿ ಹತ್ತಾರು ಭಾಷೆಗಳ ನಡುವೆ ಪೋರ್ಚುಗೀಸು ಸೇತುವೆಯಾಯಿತು, ಗೋವಾದಲ್ಲಿ ಕೊಂಕಣಿ ಎಲ್ಲರಿಗೂ ಬರುತ್ತಿದ್ದಾಗ ಸೇತುವೆಯ ಅಗತ್ಯವೇ ಇರಲಿಲ್ಲ. 1987ರಲ್ಲಿ ಕೊಂಕಣಿ ರಾಜ್ಯದ ಅಧಿಕೃತ ಭಾಷೆಯಾಯಿತು. ಪೋರ್ಚುಗೀಸು ಈಗ ಬೇರೆ ದಾರಿಯಲ್ಲಿ ಮರಳಿ ಬರುತ್ತಿದೆ. 1961ಕ್ಕೆ ಮೊದಲು ಅಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ ಆ ದೇಶದ ಪಾಸ್‌ಪೋರ್ಟ್ ಪಡೆಯುತ್ತಾರೆ, ಯುರೋಪಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಅನೇಕರಿಗೆ ಆ ಭಾಷೆಯ ಒಂದು ವಾಕ್ಯವೂ ಬರುವುದಿಲ್ಲ. ದಾರಿ ತೆರೆಯುವುದು ಅಜ್ಜನ ಹಳೆಯ ಜನನಪತ್ರ.

ಮಡಗಾಂವಿನಿಂದ ವಾಪಸು ಬಂದ ಸಂಜೆ ಮಾವಶಿ ಕಾಗದದ ಕಟ್ಟನ್ನು ಮತ್ತೆ ಸೀರೆಯಲ್ಲಿ ಸುತ್ತಲಿಲ್ಲ. ಅವಳು ಮದುವೆಗೆ ಮೊದಲು ಕಾರವಾರದಲ್ಲಿ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವಳು. ನನ್ನ ಕೈಗೆ ಪೆನ್ನು ಕೊಟ್ಟು ಹೇಳಿದಳು, "ಹಿಂದೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಕನ್ನಡದಲ್ಲಿ ಬರೆ. ಏನು ಕಾಗದ ಅಂತ. ಆಮೇಲೆ ನನಗೆ ಬೇಕಾದಾಗ ನಾನೇ ಓದಿಕೊಳ್ಳುತ್ತೇನೆ."

ಮೂಲ ಪತ್ರದ ಮೇಲೆ ಬರೆಯಬಾರದು ಎಂದೆ. ಅವಳು ಒಪ್ಪಲಿಲ್ಲ. ಕೊನೆಗೆ ನೆರಳಚ್ಚು ಮಾಡಿಸಿ ಅದರ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: 'ಇದು ತೋಟದ ಖರೀದಿ ಪತ್ರ. ಇದರಲ್ಲಿ ಗಂಡ ಮತ್ತು ಹೆಂಡತಿ ಇಬ್ಬರ ಹೆಸರೂ ಇದೆ.' ಮಾವಶಿ ಕನ್ನಡಕ ಹಾಕಿಕೊಂಡು, ಬೆರಳು ಓಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.